ಯಾವ ದೆವ್ವ ಇಟ್ಕೊಳ್ಳೋದು? ಮಧ್ಯ ಅಮೆರಿಕದ ಜನಪದದಿಂದ ಹದಿಹರೆಯದವರ ಥ್ರಿಲ್ಲರ್ ಬರೆಯೋರಿಗೆ ಒಂದು ಹೋಲಿಕೆ

ನಮ್ಮ ಅಕ್ಕನ ಮಗಳು ಸೆಕೆಂಡ್ ಪಿಯುಸಿ, ಓದೋದೊಂದು ಬಿಟ್ಟು ಉಳಿದಿದ್ದೆಲ್ಲ ಮಾಡ್ತಾಳೆ. ಯಾವುದೋ ಗೇಮ್ ಆಡ್ತಾ ಆಡ್ತಾ ಕಮಾಜೋಟ್ಸ್ ಅನ್ನೋ ಬಾವಲಿ ಸಿಕ್ಕಿದೆ, ಅಲ್ಲಿಂದ ಶುರುವಾಗಿ ಗೂಗಲ್ ಮಾಡಿ ಮಾಡಿ ಗ್ವಾಟೆಮಾಲಾ, ಎಲ್ ಸಾಲ್ವಡಾರ್, ನಿಕರಾಗುವಾ ಕಡೆ ದೆವ್ವಗಳದ್ದೆಲ್ಲ ಒಂದು ಲಿಸ್ಟ್ ಮಾಡ್ಕೊಂಡು ಬಂದು, "ಮಾಮ, ನಾನೊಂದು ಸೂಪರ್‌ನ್ಯಾಚುರಲ್ ಥ್ರಿಲ್ಲರ್ ಬರೀತೀನಿ, ಹೀರೋಯಿನ್ನು ನನ್ ವಯಸ್ಸಿನವ್ಳೇ, ಇದ್ರಲ್ಲಿ ಯಾವ್ದು ಇಟ್ಕೊಳ್ಲಿ" ಅಂದ್ಲು. ನಾನು ಏನೋ ಕೆಲಸದ ಮಧ್ಯೆ ಇದ್ದೆ, ಎಲ್ಲಾ ಇಟ್ಕೋ ಅಂದ್ಬಿಟ್ಟೆ. ಅವಳು ನಿಜವಾಗ್ಲೂ ಎಲ್ಲಾ ಇಟ್ಕೊಂಡು ನಲವತ್ತು ಪೇಜ್ ಬರೆದ್ಲು. ಓದಿದ್ರೆ ಜಾತ್ರೇಲಿ ವೇಷದವ್ರು ಸಾಲಾಗಿ ಬಂದು ಕೈ ಬೀಸಿ ಹೋದಂಗಿತ್ತು, ಒಂದಕ್ಕೂ ಹೆದರಿಕೆ ಆಗ್ಲಿಲ್ಲ.

ಆಮೇಲೆ ಇಬ್ರೂ ಕೂತು ಒಂದೊಂದೇ ತೂಗಿ ನೋಡಿದ್ವಿ. ಅದೇ ಇದು. ಬರೆಯೋರಿಗೆ ಅಂತ ಹೇಳ್ತಿದೀನಿ, ಆದ್ರೆ ಇಂಥ ಕಥೆ ಓದೋಕೆ ಆರಿಸ್ಕೊಳ್ಳೋರಿಗೂ ಇದೇ ಲೆಕ್ಕ ಆಗತ್ತೆ.

ಮೊದ್ಲು ತೂಗೋ ಕಲ್ಲು ಯಾವ್ದು ಅಂತ. ನಮ್ ಕಡೆ "ನಾಳೆ ಬಾ" ನೆನಪಿದ್ಯಲ್ಲ, ತೊಂಬತ್ತರ ದಶಕದಲ್ಲಿ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬಾಗ್ಲ ಮೇಲೆ ಬರ್ಕೊಂಡು ಮಲಗ್ತಿದ್ರು. ಆ ದೆವ್ವದ ಮುಖ ಹೆಂಗಿತ್ತು ಅಂತ ಯಾರನ್ನಾದ್ರೂ ಕೇಳಿ, ಒಬ್ರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ದು ಇಷ್ಟೇ: ಮನೆಯೋರ ದನೀಲೇ ಕರೆಯತ್ತೆ, ಬಾಗ್ಲು ತೆಗೆದ್ರೆ ಮುಗೀತು, ನಾಳೆ ಬಾ ಅಂತ ಬರೆದಿದ್ರೆ ಓದ್ಕೊಂಡು ವಾಪಸ್ ಹೋಗತ್ತೆ, ಮಾರನೇ ರಾತ್ರಿ ಮತ್ತೆ ಬಂದು ಮತ್ತೆ ಓದತ್ತೆ. ಊರಿಗೆ ಊರೇ ಹೆದರೋಕೆ ಇಷ್ಟು ಸಾಕಾಯ್ತು. ಹಂಗಾಗಿ ನಾವು ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ ಕೇಳಿದ್ವಿ. ಅದು ಯಾರನ್ನ ಹುಡ್ಕೊಂಡು ಬರತ್ತೆ, ಬರ್ತಿದೆ ಅಂತ ಮುಂಚೆ ಏನಾದ್ರೂ ಸುಳಿವು ಸಿಗತ್ತಾ, ಏನು ಮಾಡಿದ್ರೆ ನಿಲ್ಲತ್ತೆ. ಎರಡು ಮೂರನೇದಕ್ಕೆ ಉತ್ತರ ಎಲ್ಲಾದ್ರಲ್ಲೂ ಚೆನ್ನಾಗೇ ಇದೆ. ಎಡವೋದು ಮೊದಲನೇ ಪ್ರಶ್ನೇಲಿ. ಯಾಕಂದ್ರೆ ಆ ಕಡೆಯ ಫೇಮಸ್ ದೆವ್ವಗಳಲ್ಲಿ ಅರ್ಧಕ್ಕರ್ಧ ಬರೋದು ಕುಡ್ಕೊಂಡು ರಾತ್ರಿ ತಡವಾಗಿ ಮನೆಗೆ ಹೋಗೋ ಗಂಡಸರ ಹಿಂದೆ, ಹೆಂಡ್ತಿ ಇದ್ದೂ ಬೇರೆ ಕಡೆ ಕಣ್ಣು ಹಾಕೋ ಗಂಡಸರ ಹಿಂದೆ. ಹದಿನಾರು ಹದಿನೇಳರ ಹುಡುಗ ಹುಡುಗಿ ಅವುಗಳ ಲಿಸ್ಟಲ್ಲೇ ಇಲ್ಲ!

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಮಧ್ಯ ಅಮೆರಿಕ ಅಂದ್ರೆ ಮೆಕ್ಸಿಕೋ ಅಲ್ಲ. ಗ್ವಾಟೆಮಾಲಾ, ಬೆಲೀಜ್, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ, ಪನಾಮಾ, ಈ ಏಳು ದೇಶ. ಸಿನಿಮಾದಲ್ಲಿ ನೋಡಿದ ಚೆಂಡುಹೂವಿನ ಅಲಂಕಾರ, ಸಕ್ಕರೆ ಬುರುಡೆ ಎಲ್ಲ ತಂದು ಗ್ವಾಟೆಮಾಲಾ ಕಥೆಗೆ ಅಂಟಿಸ್ಬೇಡಿ. ಅಲ್ಲಿ ನವೆಂಬರ್ 1ಕ್ಕೆ ಸುಂಪಾಂಗೊ, ಸಾಂತಿಯಾಗೊ ಸಕತೆಪೆಕೆಸ್ ಅನ್ನೋ ಊರುಗಳಲ್ಲಿ ಮನೆ ಗಾತ್ರದ ಗಾಳಿಪಟ ಎತ್ತಿ ನಿಲ್ಲಿಸ್ತಾರೆ. ಎಲ್ ಸಾಲ್ವಡಾರಿನ ತೊನಕತೆಪೆಕೆಯಲ್ಲಿ ಅದೇ ರಾತ್ರಿ ಕಲಬ್ಯೂಸಾ ಅಂತ ಮಾಡ್ತಾರೆ, ಹುಡುಗ್ರೆಲ್ಲ ತಮ್ಮೂರ ದೆವ್ವಗಳ ವೇಷ ಹಾಕ್ಕೊಂಡು ಮೆರವಣಿಗೆ ಹೋಗಿ ಬೆಲ್ಲದ ಪಾಕದಲ್ಲಿ ಬೇಯಿಸಿದ ಕುಂಬಳಕಾಯಿ ತಿಂತಾರೆ. ನಿಕರಾಗುವಾದ ಮಸಾಯಾದಲ್ಲಿ ಅಕ್ಟೋಬರ್ ಕೊನೇ ಶುಕ್ರವಾರ ಅಗ್ವಿಸೋತೆಸ್, ಅದೂ ಇಂಥದ್ದೇ. ಊರೆಲ್ಲ ದೆವ್ವದ ವೇಷದಲ್ಲಿರೋ ರಾತ್ರಿ ನಿಜವಾದ ದೆವ್ವ ಎಲ್ಲಿ ನಿಂತಿರತ್ತೆ ಹೇಳಿ. ಪುಕ್ಕಟೆ ಸಿಗೋ ಸೀನ್ ಇದು, ಯಾವ ದೆವ್ವ ಆರಿಸ್ಕೊಂಡ್ರೂ ಹೊಂದತ್ತೆ.

ಸರಿ, ಈಗ ಒಂದೊಂದಾಗಿ.

ಸಿಗ್ವನಾಬಾ

ಎಲ್ರೂ ಮೊದ್ಲು ಕೈ ಹಾಕೋದು ಇವಳಿಗೇ. ರಾತ್ರಿ ಹೊಳೆ ದಡದಲ್ಲೋ ನೀರಿನ ತೊಟ್ಟಿ ಹತ್ರಾನೋ ಒಬ್ಳು ಹೆಂಗಸು, ಬೆನ್ನು ತಿರುಗಿಸಿ ಸ್ನಾನ ಮಾಡ್ತಿರ್ತಾಳೆ ಇಲ್ಲಾ ಬಟ್ಟೆ ಒಗೀತಿರ್ತಾಳೆ, ಉದ್ದ ಕೂದ್ಲು, ಮುಖ ಕಾಣಲ್ಲ. ಗಂಡಸು ಹಿಂದೆ ಹೋಗ್ತಾನೆ, ಅವಳು ದೂರ ದೂರ ಕರ್ಕೊಂಡು ಹೋಗಿ ಕಂದಕದ ಅಂಚಲ್ಲಿ ತಿರುಗ್ತಾಳೆ, ಕುದುರೆ ಮುಖ ಇರತ್ತೆ ಅಥವಾ ಬುರುಡೆ. ಹೊಂಡುರಾಸಲ್ಲಿ ಇವಳನ್ನ ಸೂಸಿಯಾ ಅಂತಾರೆ, ನಿಕರಾಗುವಾ ಕೋಸ್ಟರಿಕಾದಲ್ಲಿ ಸೇಗ್ವಾ. ಕೋಸ್ಟರಿಕಾದವಳು ಸ್ವಲ್ಪ ಬೇರೆ ಥರ, ದಾರಿ ಬದಿ ನಿಂತು ಕುದುರೆ ಮೇಲೆ ಹೋಗೋನ ಹತ್ರ ಲಿಫ್ಟ್ ಕೇಳ್ತಾಳೆ, ಅವನು ಹಿಂದೆ ಹತ್ತಿಸ್ಕೊಂಡು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ್ರೆ ಕುದುರೆ ತಲೆ. ನಮ್ ಮೋಹಿನಿ ಕಥೆ ಕೇಳಿ ಬೆಳೆದೋರಿಗೆ ಇದೆಲ್ಲ ಪಕ್ಕದ ಬೀದೀದೇ ಅನ್ನಿಸತ್ತೆ.

ನಿಲ್ಲಿಸೋ ಉಪಾಯ ಮಾತ್ರ ಭಾರಿ ಚೆನ್ನಾಗಿದೆ. ಸೊಂಟದಲ್ಲಿರೋ ಮಚೆಟೆ, ಅಂದ್ರೆ ಅಲ್ಲಿಯೋರು ಕಬ್ಬು ಕಡಿಯೋ ಉದ್ದ ಮಚ್ಚು, ಅದನ್ನ ಹಲ್ಲಲ್ಲಿ ಕಚ್ಕೊಳ್ಬೇಕು, ಹಂಗ್ ಮಾಡಿದ್ರೆ ಅವಳೂ ಓಡ್ತಾಳೆ ಒಳಗಿನ ಭಯಾನೂ ಓಡತ್ತೆ ಅಂತ ನಂಬಿಕೆ. ನಿಕರಾಗುವಾದ ಸೇಗ್ವಾಗೆ ಸಾಸಿವೆ ಚೆಲ್ಲಿದ್ರೆ ಅದನ್ನ ಆರಿಸ್ತಾ ಕೂತ್ಬಿಡ್ತಾಳಂತೆ. ಇದನ್ನ ಹೇಳಿದ್ ತಕ್ಷಣ ನಮ್ಮಮ್ಮ ಅಡುಗೆಮನೆಯಿಂದ "ನೋಡು, ಅದಕ್ಕೇ ದೃಷ್ಟಿ ತೆಗೆಯೋಕೆ ಸಾಸಿವೆ ಹಾಕೋದು" ಅಂದ್ರು, ಏನು ಹೇಳೋಕಾಗತ್ತೆ ಅವ್ರಿಗೆ.

ಆದ್ರೆ ತೊಂದ್ರೆ ಆಗ್ಲೇ ಹೇಳಿದ್ನಲ್ಲ ಅದೇ. ಇವಳಿಗೆ ನಿಮ್ಮ ಹದಿನಾರರ ನಾಯಕಿ ಬೇಕಾಗಿಲ್ಲ. ಅವಳಪ್ಪ ಬೇಕು. ಜೊತೆಗೆ ಆ ಕಥೇಲಿರೋ ಬುದ್ಧಿವಾದ ಇದ್ಯಲ್ಲ, ಚೆಂದದ ಹೆಂಗಸು ಅಂದ್ರೆ ಬಲೆ ಅನ್ನೋದು, ಅದನ್ನ ಇವತ್ತಿನ ಹುಡುಗೀರ ಮುಂದೆ ಇಟ್ರೆ ಕಣ್ಣು ಉರುಳಿಸಿ ಎದ್ದು ಹೋಗ್ತಾರೆ, ಹೋಗ್ಲೂಬೇಕು.

ಇದಕ್ಕೊಂದು ಹಿಂಬಾಗ್ಲು ಇದೆ. ಎಲ್ ಸಾಲ್ವಡಾರಲ್ಲಿ ಹೇಳೋ ಪ್ರಕಾರ ಇವಳು ಮೊದ್ಲು ಸಿವೆವೆತ್ ಅನ್ನೋ ಸುಂದರಿ, ಹೆತ್ತ ಮಗನ್ನ ಬಿಟ್ಟು ತಿರುಗಿದ್ಲು ಅಂತ ಮಳೆ ದೇವ್ರು ತ್ಲಾಲೋಕ್ ಶಾಪ ಕೊಟ್ಟ. ಆ ಮಗನೇ ಸಿಪಿತಿಯೊ, ಅವನಿಗೂ ಶಾಪ, ಯಾವತ್ತಿಗೂ ಹತ್ತು ವರ್ಷದ ಹುಡುಗನಾಗೇ ಇರ್ತಾನೆ, ದಪ್ಪ ಹೊಟ್ಟೆ, ದೊಡ್ಡ ಟೋಪಿ, ಹಿಂದು ಮುಂದಾದ ಪಾದ, ಒಲೆ ಬೂದಿ ತಿಂತಾನೆ, ಹೊಳೆ ಹತ್ರ ಬರೋ ಹುಡುಗೀರಿಗೆ ಕಲ್ಲು ಎಸೆದು ಕೀಟಲೆ ಮಾಡ್ತಾನೆ. ಊರಲ್ಲಿ ಅವನೊಂದು ಜೋಕು. ಆದ್ರೆ ಯೋಚ್ನೆ ಮಾಡಿ, ಅಮ್ಮ ದೆವ್ವ ಆಗಿ ಹೊಳೆ ಹೊಳೆ ಅಲೀತಿದಾಳೆ, ಮಗ ಬೆಳೆಯೋಕಾಗ್ದೆ ಬೂದಿ ತಿಂದ್ಕೊಂಡು ಇನ್ನೊಂದು ದಡದಲ್ಲಿದಾನೆ. ಸಿಗ್ವನಾಬಾನ ಇಟ್ಕೊಂಡೇ ಬರೀಬೇಕು ಅಂದ್ರೆ ಈ ಹುಡುಗನ ಕಡೆಯಿಂದ ಬರೀರಿ. ಅಮ್ಮ ಊರು ಬಿಟ್ಟು ಅಮೆರಿಕಕ್ಕೆ ದುಡಿಯೋಕೆ ಹೋಗಿ ಅಜ್ಜಿ ಹತ್ರ ಬೆಳೆಯೋ ಮಕ್ಕಳು ಎಲ್ ಸಾಲ್ವಡಾರಲ್ಲಿ ಎಷ್ಟೋ ಜನ ಇದಾರೆ, 1980ರಿಂದ 1992ರ ತನಕ ನಡೆದ ಅಂತರ್ಯುದ್ಧದಲ್ಲಿ ಶುರುವಾದ ವಲಸೆ ಅದು, ಅಂಥ ಒಬ್ಳು ಹುಡುಗಿಗೆ ಸಿಪಿತಿಯೊ ಸಿಕ್ಕಿದ್ರೆ ಅವರಿಬ್ರಿಗೂ ಮಾತಾಡೋಕೆ ವಿಷಯ ಇರತ್ತೆ.

ಕದೇಹೊ

ಇದು ನನಗೆ ವೈಯಕ್ತಿಕವಾಗಿ ಬಲು ಇಷ್ಟ. ನಾಯಿ. ಕರು ಗಾತ್ರದ ನಾಯಿ, ಕೆಂಡದ ಕಣ್ಣು, ಕಾಲಲ್ಲಿ ಆಡಿನ ಗೊರಸು, ಕೆಲವ್ರು ಸರಪಳಿ ಎಳ್ಕೊಂಡು ಬರೋ ಸದ್ದು ಕೇಳತ್ತೆ ಅಂತಾರೆ. ಎರಡಿರತ್ತೆ, ಬಿಳೀದು, ಕರೀದು. ಎಲ್ ಸಾಲ್ವಡಾರಲ್ಲಿ ಕೇಳಿದ್ರೆ ಬಿಳೀದು ಕಾಯತ್ತೆ, ಕರೀದು ಕೊಲ್ಲತ್ತೆ, ಮುಗೀತು. ಗ್ವಾಟೆಮಾಲಾದಲ್ಲಿ ಎಷ್ಟೋ ಜನ ಬೇರೆ ಥರ ಹೇಳ್ತಾರೆ, ಕರೀದೇ ಕುಡುಕರನ್ನ ಮನೆ ತನಕ ಬಿಟ್ಟು ಬರತ್ತೆ, ಬಿಳೀದು ಹೆಂಗಸರು ಮಕ್ಕಳನ್ನ ಕಾಯತ್ತೆ, ಆದ್ರೆ ದಾರೀಲಿ ಬಿದ್ದಿರೋ ಕುಡುಕನ ಬಾಯಿ ಕದೇಹೊ ನೆಕ್ಕಿದ್ರೆ ಅವನಿಗಿನ್ನು ಆ ಚಟ ಜನ್ಮದಲ್ಲಿ ಬಿಡಲ್ಲ. ಕೋಸ್ಟರಿಕಾಗೆ ಹೋದ್ರೆ ಒಂದೇ, ಕರೀದು, ಅದು ನಾಯಿಯೇ ಅಲ್ಲ, ಮಾತು ಕೇಳದೆ ಅಡ್ಡಾಡ್ತಿದ್ದ ಒಬ್ಬ ಹುಡುಗ, ಅಪ್ಪನೇ ಶಾಪ ಹಾಕಿ ಹಂಗೆ ಮಾಡಿದ್ದು.

ನೋಡಿ ಇಲ್ಲೇ ಆಯ್ಕೆ ಇದೆ. ದೇಶ ಮೊದ್ಲು ಆರಿಸ್ಕೊಳ್ಬೇಕು, ದೆವ್ವ ಆಮೇಲೆ. ಮೂರೂ ಕಲಸಿದ್ರೆ ರೂಲ್ಸ್ ಹಾಳಾಗತ್ತೆ, ಓದೋರಿಗೆ ಯಾವಾಗ ಹೆದರ್ಬೇಕು ಅಂತಾನೇ ಗೊತ್ತಾಗಲ್ಲ.

ಕದೇಹೊನೂ ಕುಡುಕರ ಹಿಂದೆ ಬರೋದೇ, ಆದ್ರೆ ಇಲ್ಲಿ ಹದಿಹರೆಯದವರಿಗೆ ದಾರಿ ತಾನಾಗೇ ತೆರ್ಕೊಳ್ಳತ್ತೆ, ಯಾಕಂದ್ರೆ ಪ್ರತಿ ಕುಡುಕನಿಗೂ ಮನೇಲಿ ಎದ್ದು ಕಾಯೋ ಒಂದು ಮಗು ಇರತ್ತೆ. ಅಪ್ಪ ಬರೋ ಹೆಜ್ಜೆ ಸದ್ದಲ್ಲೇ ಇವತ್ತು ಎಷ್ಟು ಕುಡಿದಿದಾನೆ ಅಂತ ಲೆಕ್ಕ ಹಾಕೋ ಮಗು, ಆ ಹೆಜ್ಜೆ ಹಿಂದೆ ಗೊರಸಿನ ಸದ್ದೂ ಕೇಳ್ತಿದ್ರೆ? ಬಣ್ಣ ಯಾವ್ದು ಅಂತ ಕತ್ತಲಲ್ಲಿ ಗೊತ್ತಾಗಲ್ಲ ಬೇರೆ. ಇದನ್ನ ಬರೀಬೋದು, ಚೆನ್ನಾಗಿ ಬರೀಬೋದು. ಕೋಸ್ಟರಿಕಾದ ಕಥೆ ತಗೊಂಡ್ರೆ ಇನ್ನೂ ಹತ್ರ, ಅಲ್ಲಿ ದೆವ್ವಾನೇ ನಿಮ್ಮ ನಾಯಕನ ವಯಸ್ಸಿನೋನು, ಅಪ್ಪನ ಸಿಟ್ಟಿಗೆ ಬಲಿಯಾದೋನು.

ಮೈನಸ್ ಪಾಯಿಂಟ್ ಒಂದೇ. ನಾಯಿ ಅಂದ್ರೆ ಜನ ಪ್ರೀತಿ ಮಾಡ್ಬಿಡ್ತಾರೆ. ಐವತ್ತು ಪೇಜ್ ಆಗೋದ್ರೊಳಗೆ ಬಿಳೀ ಕದೇಹೊ ಓದುಗರ ಮನೆ ನಾಯಿ ಆಗಿರತ್ತೆ, ಅದಕ್ಕೇನೂ ಆಗ್ದೇ ಇದ್ರೆ ಸಾಕು ಅಂತ ಓದ್ತಾರೆ. ಹಂಗಾಗಿ ಥ್ರಿಲ್ಲರ್‌ಗೆ ಇದೊಂದೇ ಸಾಲಲ್ಲ, ಎರಡನೇ ಸ್ಥಾನದಲ್ಲಿಟ್ರೆ ಬಂಗಾರ.

ಸೊಂಬ್ರೆರೋನ್

ಗ್ವಾಟೆಮಾಲಾದೋನು. ಹೆಸರಿಗೇ ದೊಡ್ಡ ಟೋಪಿಯೋನು ಅಂತ. ಗಿಡ್ಡ ಮನುಷ್ಯ, ಕರೀ ಬಟ್ಟೆ, ಫಳಫಳ ಹೊಳೆಯೋ ಬೂಟು, ನಡೆದ್ರೆ ಟಕಟಕ ಸದ್ದು, ಕೈಯಲ್ಲಿ ಗಿಟಾರ್, ಹಿಂದೆ ಇದ್ದಿಲು ಹೊತ್ತ ಹೇಸರಗತ್ತೆಗಳು. ಸಂಜೆ ಓಣಿಯೊಳಗೆ ಬರ್ತಾನೆ. ದೊಡ್ಡ ಕಣ್ಣು, ಉದ್ದ ಕೂದ್ಲಿರೋ ಹುಡುಗಿ ಇರೋ ಮನೆ ಮುಂದೆ ಹೇಸರಗತ್ತೆ ಕಟ್ಟಿ ಹಾಡ್ತಾನೆ. ಅವನ ಹಾಡು ಕೇಳಿದ ಹುಡುಗಿಗೆ ನಿದ್ದೆ ಬರಲ್ಲ, ಊಟ ಸೇರಲ್ಲ, ತಟ್ಟೇಲಿ ಮಣ್ಣು ಬಿದ್ದಿರತ್ತೆ, ಬೆಳಿಗ್ಗೆ ಎದ್ರೆ ಅವಳ ಕೂದ್ಲು ಜಡೆ ಹೆಣೆದಿರತ್ತೆ. ಹುಡುಗಿ ಸಿಗದಿದ್ರೆ ಲಾಯದಲ್ಲಿರೋ ಕುದುರೆಗಳ ಕೂದ್ಲು ಹೆಣೆದು ಹೋಗ್ತಾನೆ.

ಒಂದ್ಸಲ ಓದಿ ಮತ್ತೆ ಯೋಚ್ನೆ ಮಾಡಿ. ಹಾಡು, ಮನೆ ಮುಂದೆ ಕಾಯೋದು, ನಿದ್ದೆ ಕೆಡಿಸೋದು, ತಿನ್ನೋದನ್ನ ಬಿಡಿಸೋದು, ಮಲಗಿದಾಗ ಬಂದು ಕೂದ್ಲು ಮುಟ್ಟಿ ಹೋಗೋದು. ಹಿಂದೆ ಬೀಳೋ ಗಂಡಸಿನ ಕಥೆ ಅಲ್ವಾ ಇದು, ಇನ್‌ಸ್ಟಾ ಇಲ್ಲದ ಕಾಲದ್ದು ಅಷ್ಟೇ. ಇಡೀ ಲಿಸ್ಟಲ್ಲಿ ಹದಿಹರೆಯದ ಹುಡುಗಿಯನ್ನೇ ಗುರಿ ಇಟ್ಟು ಬರೋನು ಇವನೊಬ್ಬ, ಅದಕ್ಕೇ ನನ್ ಓಟು ಇವನಿಗೆ. ಮೊದಲನೇ ಸಾಲು ಕೂಡ ರೆಡಿ ಇದೆ: ನಾಯಕಿ ಬೆಳಿಗ್ಗೆ ಎದ್ದು ತಲೆ ಮುಟ್ಕೊಂಡ್ರೆ ಅವಳು ಹಾಕ್ಕೊಂಡಿರದ ಜಡೆ.

ಗ್ವಾಟೆಮಾಲಾ ಸಿಟಿಯ ಬೆಲೆನ್ ಬಡಾವಣೆಯ ಒಂದು ಓಣಿ ಕಥೆ ಬಹಳ ಜನ ಹೇಳ್ತಾರೆ. ಸೆಲೀನಾ ಅಂತ ಹುಡುಗಿ, ತೊರ್ತಿಯಾ ಅಂದ್ರೆ ಮೆಕ್ಕೆಜೋಳದ ರೊಟ್ಟಿ, ಅದನ್ನ ಮಾರೋರ ಮಗಳು, ದಿನೇ ದಿನೇ ಸೊರಗ್ತಿದ್ಲು, ದೇವ್ರ ಮನೆಯೊಳಗೆ ಅವನು ಬರಲಾರ ಅಂತ ಅಪ್ಪ ಅಮ್ಮ ಅವಳನ್ನ ಚರ್ಚಲ್ಲಿ ಇಟ್ರು. ಅವನು ಬರ್ಲಿಲ್ಲ. ಆದ್ರೆ ಅವಳು ಅಲ್ಲೇ ಕೊರಗಿ ಸತ್ಲು. ಹೆಣದ ಮುಂದೆ ಎಲ್ರೂ ಕೂತಿರೋ ರಾತ್ರಿ ಹೊರಗೆ ಯಾರೋ ಗಂಡಸು ಬಿಕ್ಕಿ ಬಿಕ್ಕಿ ಅಳೋ ಸದ್ದು, ಬೆಳಿಗ್ಗೆ ಕಲ್ಲು ಹಾಸಿನ ಮೇಲೆ ಕಣ್ಣೀರು ಹರಳಾಗಿ ಬಿದ್ದಿತ್ತು. ಇದನ್ನ ಪ್ರೇಮಕಥೆ ಥರ ಹೇಳೋರೂ ಇದಾರೆ, ಪಾಪ ಎಷ್ಟು ಪ್ರೀತಿಸ್ತಿದ್ದ ಅಂತ. ಈ ಗುಂಡೀಲಿ ಮಾತ್ರ ಬೀಳ್ಬೇಡಿ. ಈಗ ಡಾರ್ಕ್ ರೊಮಾನ್ಸ್ ಸೀಸನ್ನು, ಸೊಂಬ್ರೆರೋನ್‌ನ ಎತ್ತರ ಮಾಡಿ, ಗಲ್ಲದಲ್ಲಿ ಗುಳಿ ಇಟ್ಟು, ಕೊನೇಲಿ ಒಳ್ಳೆಯೋನು ಮಾಡೋ ಆಸೆ ಬರತ್ತೆ, ನಮ್ ಹುಡುಗಿಗೂ ಬಂದಿತ್ತು, ನಾನು ಅವಳ ಜೊತೆ ಅರ್ಧ ಗಂಟೆ ಜಗಳ ಆಡಿದೀನಿ.

ಪರಿಹಾರ ಅಂದ್ರೆ ಕೂದ್ಲು ಕತ್ತರಿಸಿ ಚರ್ಚಿಗೆ ಒಯ್ದು ಮಂತ್ರಿಸೋದು. ಕೇಳೋಕೆ ಸುಲಭ. ಆದ್ರೆ ಗಮನಿಸಿ, ತಪ್ಪು ಅವನದು, ಕಳ್ಕೊಳ್ಳೋದು ಅವಳು. ಹಿಂದೆ ಬೀಳೋನನ್ನ ಬಿಟ್ಟು ಹುಡುಗಿ ಕಾಲೇಜು ಬಿಡಿಸಿದ ಮನೆಗಳನ್ನ ನಾವೂ ನೋಡಿದೀವಿ. ಕತ್ತರಿ ಯಾರ ಕೈಯಲ್ಲಿರತ್ತೆ, ಅಮ್ಮನ ಕೈಯಲ್ಲಾ ಅವಳ ಕೈಯಲ್ಲಾ, ಅದೊಂದರ ಮೇಲೆ ಇಡೀ ಪುಸ್ತಕ ನಿಲ್ಲತ್ತೆ ಅಂತ ನನ್ ಲೆಕ್ಕ.

ರಿಸರ್ಚ್‌ಗೂ ಇವನು ಸುಲಭ. ಗ್ವಾಟೆಮಾಲಾದ ಮಿಗೆಲ್ ಆಂಗೆಲ್ ಅಸ್ತೂರಿಯಾಸ್, 1967ರಲ್ಲಿ ಸಾಹಿತ್ಯದ ನೊಬೆಲ್ ಬಂತಲ್ಲ ಅವ್ರು, 1930ರಲ್ಲಿ ತಂದ ಗ್ವಾಟೆಮಾಲಾದ ದಂತಕಥೆಗಳ ಪುಸ್ತಕದಲ್ಲಿ ಸೊಂಬ್ರೆರೋನೂ ಇದಾನೆ ಕದೇಹೊನೂ ಇದೆ. ಅದು ಜನ ಹೇಳೋ ಕಥೆ ಇದ್ದಂಗೇ ಅಲ್ಲ, ಕನಸು ಕಂಡಂಗೆ ಬರೆದಿದಾರೆ, ಹಂಗಾಗಿ ರೂಲ್ಸ್‌ಗೆ ಅದನ್ನ ನಂಬ್ಕೋಬೇಡಿ, ಗಾಳಿ ಹೆಂಗಿರ್ಬೇಕು ಅಂತ ತಿಳ್ಕೊಳ್ಳೋಕೆ ಓದಿ.

ಎತ್ತಿಲ್ಲದ ಗಾಡಿ

ಎಲ್ ಸಾಲ್ವಡಾರಲ್ಲಿ ಕರೆತಾ ಚಿಯೋನಾ, ಅಂದ್ರೆ ಕಿರುಚೋ ಗಾಡಿ. ಕೀಲೆಣ್ಣೆ ಕಾಣದ ಎತ್ತಿನ ಗಾಡಿ ಅಚ್ಚು ಹೆಂಗೆ ಅರಚತ್ತೆ ಅಂತ ಹಳ್ಳೀಲಿ ಬೆಳೆದೋರಿಗೆ ಗೊತ್ತಿರತ್ತೆ. ನಿಕರಾಗುವಾದಲ್ಲಿ ಇದು ಕರೆತಾ ನಾಗ್ವಾ, ಎಲುಬು ಗೂಡಿನ ಎತ್ತು, ಹೊಡೆಯೋದು ಸಾವು. ಮಧ್ಯರಾತ್ರಿ ಕಲ್ಲು ಬೀದೀಲಿ ಗಡಗಡ ಅಂತ ಹೋಗತ್ತೆ, ಇಣುಕಿ ನೋಡಿದೋನಿಗೆ ಜ್ವರ, ಬೆಳಿಗ್ಗೆ ಊರಲ್ಲಿ ಯಾರೋ ಸತ್ತಿರ್ತಾರೆ. ಮಜಾ ಏನಂದ್ರೆ ಈ ಗಾಡಿಗೆ ಮೂಲೆ ತಿರುಗೋಕೆ ಬರಲ್ಲ! ಬೀದಿ ತುದೀಲಿ ಮಾಯ ಆಗಿ ಇನ್ನೊಂದು ಬೀದೀಲಿ ಸದ್ದು ಶುರು. ನೆಟ್ಟಗೆ ಗೆರೆ ಎಳೆದಂಗಿರೋ ಸ್ಪ್ಯಾನಿಷ್ ಕಾಲದ ಊರಿನ ಮ್ಯಾಪ್ ಮುಂದಿಟ್ಕೊಂಡು ಇವತ್ತು ಯಾವ ಬೀದಿ, ನಾಳೆ ಯಾವ ಬೀದಿ ಅಂತ ಪೆನ್ಸಿಲ್ ಹಿಡಿದು ಲೆಕ್ಕ ಹಾಕೋ ಹುಡುಗನ್ನ ಊಹಿಸ್ಕೊಳ್ಳಿ.

ಇದರ ಹಿಂದೆ ನಿಜವಾದ ಇತಿಹಾಸ ಇದೆ. 1500ರ ದಶಕಗಳಲ್ಲಿ ಸ್ಪೇನಿನೋರು ನಿಕರಾಗುವಾದ ಮೂಲನಿವಾಸಿಗಳನ್ನ ಹಿಡಿದು ಪನಾಮಾ, ಪೆರು ಕಡೆ ಗುಲಾಮರಾಗಿ ಸಾಗಿಸಿದ್ರು. ರಾತ್ರಿ ಬಂದು ಜನಾನ ತುಂಬ್ಕೊಂಡು ಹೋಗೋ ಗಾಡಿಯ ನೆನಪೇ ಈ ದೆವ್ವ ಅಂತ ಅಲ್ಲಿಯೋರು ಹೇಳ್ತಾರೆ. ಕೋಸ್ಟರಿಕಾದಲ್ಲಿ ಮಾತ್ರ ಇದೇ ಗಾಡಿ ಬಣ್ಣ ಬಳ್ಕೊಂಡು ದೇಶದ ಹೆಮ್ಮೆ ಆಗಿದೆ, ಸಾರ್ಚಿ ಊರಿನ ಚಿತ್ತಾರದ ಎತ್ತಿನ ಗಾಡಿ ಸಂಪ್ರದಾಯಾನ 2005ರಲ್ಲಿ ಯುನೆಸ್ಕೋ ಗುರುತಿಸ್ತು, ಅಲ್ಲಿಯ ದೆವ್ವದ ಗಾಡಿಗೆ ಎತ್ತೇ ಇಲ್ಲ. ಯಾಕಂದ್ರೆ ಪಾಪ ಮಾಡಿದ್ದು ಯಜಮಾನ, ಎತ್ತುಗಳದ್ದೇನು ತಪ್ಪು ಅಂತ ಅವನ್ನ ಶಾಪದಿಂದ ಬಿಟ್ರಂತೆ. ನನಗೆ ಇದು ಬಹಳ ಹಿಡಿಸ್ತು.

ಆದ್ರೂ ಕಾದಂಬರಿಗೆ ಬೇಡ ಅಂತೀನಿ. ಗಾಡಿ ಜೊತೆ ಮಾತಾಡೋಕಾಗಲ್ಲ, ಅದಕ್ಕೆ ನಿಮ್ಮ ನಾಯಕನ ಮೇಲೇನೂ ಆಸೆ ಇಲ್ಲ, ಹಗೆ ಇಲ್ಲ, ಬರತ್ತೆ ಹೋಗತ್ತೆ. ಇಪ್ಪತ್ತು ಪೇಜಿನ ಸಣ್ಣಕಥೆಗೆ ಆದ್ರೆ ಇದಕ್ಕಿಂತ ಒಳ್ಳೇದು ಇಡೀ ಲಿಸ್ಟಲ್ಲೇ ಇಲ್ಲ.

ತಾತಾ ದುವೆಂದೆ

ಬೆಲೀಜಿನ ಕಾಡಿನೋನು. ತಾತಾ ಅಂದ್ರೆ ಅಲ್ಲೂ ಹಿರಿಯ, ಅಜ್ಜ ಅಂತಾನೇ ಅರ್ಥ, ಕಾಕತಾಳೀಯ ಅಷ್ಟೇ, ಆದ್ರೂ ಖುಷಿ ಆಯ್ತು. ಕುಳ್ಳ ಮುದುಕ, ಅಗಲ ಟೋಪಿ, ಪಾದ ಹಿಂದು ಮುಂದು, ನಮ್ ದೆವ್ವಗಳ ಥರಾನೇ. ಕೈಯಲ್ಲಿ ಹೆಬ್ಬೆರಳಿಲ್ಲ. ಎದುರಿಗೆ ಬಂದ್ರೆ ಹೆಬ್ಬೆರಳು ಮುಷ್ಟಿಯೊಳಗೆ ಮುಚ್ಕೊಂಡು ಕೈ ತೋರಿಸ್ಬೇಕು, ತನ್ನಂಗೇ ಇದಾರೆ ಅಂತ ಬಿಟ್ಬಿಡ್ತಾನೆ, ಕಂಡ್ರೆ ಕಿತ್ಕೊಳ್ತಾನೆ. ಕಾಡು ಪ್ರಾಣಿಗಳನ್ನ ಕಾಯೋನೂ ಅವನೇ, ಬೇಕಾಬಿಟ್ಟಿ ಬೇಟೆ ಆಡೋರನ್ನ ದಾರಿ ತಪ್ಪಿಸ್ತಾನೆ. ಮಕ್ಕಳನ್ನೇ ಹಿಡೀತಾನೆ ಅಂತ ಹೇಳೋದ್ರಿಂದ ಮೊದಲನೇ ಪ್ರಶ್ನೆಗೆ ಪಾಸು. ಬೆಲೀಜಲ್ಲಿ ಆಡಳಿತ ಭಾಷೆ ಇಂಗ್ಲಿಷು, 1981ರ ತನಕ ಬ್ರಿಟಿಷರ ಕೈಯಲ್ಲಿದ್ದ ದೇಶ, ಸ್ಪ್ಯಾನಿಷ್ ಬರದೇ ಇರೋ ನಮ್ಮಂಥೋರಿಗೆ ಓದೋಕೆ ಸಿಗೋದು ಜಾಸ್ತಿ. ಚಿರತೆ ಜಾತಿಯ ಜಾಗ್ವಾರಿಗೇ ಅಂತ ಕಾದಿಟ್ಟ ಕಾಕ್ಸ್‌ಕೋಂಬ್ ಕಾಡು ಇರೋದೂ ಅಲ್ಲೇ, ಜಾಗ ಬೇಕಾದ್ರೆ ಅದು ಇದೆ.

ಸಮಸ್ಯೆ ವಯಸ್ಸಿಂದು. ಹೆಬ್ಬೆರಳು ಮುಚ್ಚೋ ಆಟ ಹತ್ತು ಹನ್ನೆರಡರ ಮಕ್ಕಳಿಗೆ ಮೈ ಜುಮ್ ಅನ್ಸತ್ತೆ, ಹದಿನೇಳರವ್ರು ನಗ್ತಾರೆ. ತಮ್ಮ ತಂಗಿಗೆ ಬರೆದು ಕೊಡೋದಾದ್ರೆ ಕಣ್ಣು ಮುಚ್ಕೊಂಡು ಇದನ್ನೇ ತಗೊಳ್ಳಿ.

ಯೊರೋನಾ, ಅಂದ್ರೆ ಹೊಳೆ ದಡದಲ್ಲಿ ಮಕ್ಕಳಿಗಾಗಿ ಅಳೋ ಹೆಂಗಸು, ಅವಳ ಬಗ್ಗೆ ನಾನು ಜಾಸ್ತಿ ಬರೆಯಲ್ಲ, ಸಿನಿಮಾದವ್ರು ಹಿಂಡಿ ಹಿಪ್ಪೆ ಮಾಡಿದಾರೆ. ಅವಳ ಹತ್ರ ಒಂದು ರೂಲ್ ಮಾತ್ರ ಕದ್ಕೊಳ್ಳಿ: ಅಳು ಹತ್ರ ಕೇಳಿದ್ರೆ ಅವಳು ದೂರ ಇದಾಳೆ, ದೂರ ಕೇಳಿದ್ರೆ ಹತ್ರ.

ಶಿಬಾಲ್ಬಾ

ಇಲ್ಲಿಗೆ ಬಂದಾಗ ನಮ್ ಹುಡುಗಿ ಕುರ್ಚಿ ಮುಂದಕ್ಕೆ ಎಳ್ಕೊಂಡ್ಲು, ಕಮಾಜೋಟ್ಸ್ ಇರೋದು ಇದ್ರಲ್ಲೇ. ಗ್ವಾಟೆಮಾಲಾದ ಮೂಲನಿವಾಸಿಗಳಾದ ಕಿಚೆ ಮಾಯಾ ಜನರ ಪೊಪೋಲ್ ವುಹ್ ಅನ್ನೋ ಗ್ರಂಥದಲ್ಲಿ ಬರೋ ಪಾತಾಳ ಇದು. 1700ರ ದಶಕದ ಶುರುವಲ್ಲಿ ಚಿಚಿಕಾಸ್ತೆನಾಂಗೊ ಊರಿನ ಪಾದ್ರಿ ಫ್ರಾನ್ಸಿಸ್ಕೊ ಶಿಮೆನೆಸ್ ಕಾಪಿ ಮಾಡಿ ಇಟ್ಟಿದ್ರಿಂದ ನಮಗೆ ಉಳಿದಿದೆ, ಅವ್ರು ನೋಡಿ ಬರೆದ ಮೂಲ ಪ್ರತಿ ಈಗ ಇಲ್ಲ, ಈ ಕಾಪಿ ಚಿಕಾಗೋದ ನ್ಯೂಬೆರಿ ಲೈಬ್ರರೀಲಿದೆ.

ಹದಿಹರೆಯದವರ ಥ್ರಿಲ್ಲರ್‌ಗೆ ಬೇಕಾದ್ದೆಲ್ಲ ಇದ್ರಲ್ಲಿ ಮೊದ್ಲೇ ಇದೆ ಅಂದ್ರೆ ನಂಬ್ತೀರಾ. ಹುನಾಹ್ಪು, ಶ್ಬಲಂಕೆ ಅಂತ ಅವಳಿ ಹುಡುಗ್ರು. ಚೆಂಡಾಟದ ಸದ್ದು ಜಾಸ್ತಿ ಆಯ್ತು ಅಂತ ಪಾತಾಳದ ಒಡೆಯರಿಂದ ಸಮನ್ಸು. ಹಿಂದೆ ಅಪ್ಪನೂ ಹಿಂಗೇ ಹೋಗಿ ಸತ್ತಿದಾನೆ. ರಾತ್ರಿಗೊಂದು ಮನೆ, ಕತ್ತಲ ಮನೆ, ಚಾಕುಗಳ ಮನೆ, ಚಳಿ ಮನೆ, ಜಾಗ್ವಾರ್ ಮನೆ, ಬೆಂಕಿ ಮನೆ, ಬಾವಲಿ ಮನೆ. ಕತ್ತಲ ಮನೇಲಿ ಒಂದು ಪಂಜು, ಎರಡು ಚುಟ್ಟಾ ಕೊಟ್ಟು ರಾತ್ರಿಯೆಲ್ಲ ಉರೀಬೇಕು, ಬೆಳಿಗ್ಗೆ ಇದ್ದಂಗೇ ವಾಪಸ್ ಕೊಡ್ಬೇಕು ಅಂತಾರೆ, ಹುಡುಗ್ರು ಪಂಜಿಗೆ ಗಿಳಿಯ ಕೆಂಪು ಗರಿ, ಚುಟ್ಟಾ ತುದಿಗೆ ಮಿಂಚುಹುಳ ಅಂಟಿಸಿ ಉರೀತಿದೆ ಅಂತ ನಂಬಿಸ್ತಾರೆ. ಬಾವಲಿ ಮನೇಲಿ ಬೆಳಕು ಹರೀತಾ ಅಂತ ಹುನಾಹ್ಪು ತಲೆ ಹೊರಗೆ ಹಾಕಿದ್ದೇ ತಡ, ಕಮಾಜೋಟ್ಸ್ ಕತ್ತು ಹಾರಿಸತ್ತೆ.

ಆದ್ರೆ ನಾನು ಬರೆಯೋದಾದ್ರೆ ಅವಳಿಗಳನ್ನ ಬಿಟ್ಟು ಅವರಮ್ಮನ್ನ ತಗೊಳ್ತೀನಿ. ಶ್ಕಿಕ್, ಪಾತಾಳದ ಒಡೆಯನೊಬ್ಬನ ಮಗಳು. ಹತ್ರ ಹೋಗ್ಬೇಡ ಅಂದ ಮರಕ್ಕೆ ಹೋದ್ಲು, ಅಲ್ಲಿ ನೇತಾಡ್ತಿದ್ದ ಬುರುಡೆ ಅವಳ ಅಂಗೈಗೆ ಉಗುಳ್ತು, ಬಸುರಾದ್ಲು. ಅಪ್ಪ ಅವಳ ಎದೆ ಬಗೆದು ಗುಂಡಿಗೆ ತನ್ನಿ ಅಂತ ಗೂಬೆಗಳನ್ನ ಕಳಿಸಿದ. ಅವಳು ಗೂಬೆಗಳನ್ನೇ ತನ್ನ ಕಡೆ ಮಾಡ್ಕೊಂಡು, ಕೆಂಪು ಮರದ ಅಂಟಲ್ಲಿ ಗುಂಡಿಗೆ ಮಾಡಿ ಕಳಿಸಿ, ತಾನು ಭೂಮಿ ಮೇಲಕ್ಕೆ ಓಡಿ ಬಂದ್ಲು. ಅಪ್ಪನೇ ಕೊಲ್ಲಿಸೋಕೆ ಕಳಿಸಿದ ಹುಡುಗಿ ತಪ್ಪಿಸ್ಕೊಂಡು ಬರೋ ಕಥೆ ಅಂದ್ರೆ ನಾವು ಪೇಪರಲ್ಲಿ ಓದೋದು ಬೇರೇನಾ.

ಇಷ್ಟೆಲ್ಲ ಹೊಗಳಿ ಇದನ್ನ ಕೊನೇಲಿ ಯಾಕಿಟ್ಟೆ ಅಂದ್ರೆ, ಇದು ದೆವ್ವದ ಕಥೆ ಅಲ್ಲ. ಹತ್ತಿರ ಹತ್ತಿರ ಹತ್ತು ಲಕ್ಷ ಜನ ಮಾತಾಡೋ ಭಾಷೆಯ, ಇವತ್ತೂ ಬದುಕಿರೋ ಸಮುದಾಯದ ಪವಿತ್ರ ಗ್ರಂಥ. ನಮ್ ಪುರಾಣ ತಗೊಂಡು ಹೊರಗಿನೋರು ಕಾಳಿ ಕೈಗೆ ಗನ್ ಕೊಟ್ಟಾಗ ನಮಗೆ ಹೆಂಗನ್ನಿಸತ್ತೆ. ಅದಲ್ದೆ ಗ್ವಾಟೆಮಾಲಾದಲ್ಲಿ 1960ರಿಂದ 1996ರ ತನಕ ಅಂತರ್ಯುದ್ಧ ನಡೀತು, ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ರು ಇಲ್ಲಾ ಕಾಣೆಯಾದ್ರು, ಗುರುತು ಸಿಕ್ಕಿದೋರಲ್ಲಿ ನೂರಕ್ಕೆ 83 ಜನ ಮಾಯಾ ಅಂತ 1999ರ ಸತ್ಯಶೋಧನಾ ಆಯೋಗದ ವರದಿ ಹೇಳತ್ತೆ. ಮಣ್ಣಿನಿಂದ ಮೂಳೆ ತೆಗೆದು ಇದು ಯಾರದು ಅಂತ ಮನೆಯೋರಿಗೆ ಒಪ್ಪಿಸೋ ಕೆಲಸ ಎಷ್ಟೋ ವರ್ಷದಿಂದ ನಡೀತಾ ಬಂದಿದೆ. ಅಂಥ ಊರಿನ ನೆಲದಡಿಯ ಲೋಕದ ಬಗ್ಗೆ ಬರೀತೀನಿ ಅನ್ನೋರು ಗೇಮ್ ಆಡಿ ಬಂದ ಜೋಶಲ್ಲಿ ಶುರು ಮಾಡ್ಬಾರ್ದು. ಎರಡು ವರ್ಷ ಓದಿ ಆಮೇಲೆ ಬರೀತೀನಿ ಅನ್ನೋರಿಗೆ ಇದಕ್ಕಿಂತ ಶ್ರೀಮಂತ ವಸ್ತು ಇಲ್ಲ.

ನಡುವೆ ಇವಳು "ಹಂಗಿದ್ರೆ ಸಕಲೇಶಪುರಕ್ಕೆ ತಂದ್ಬಿಡ್ಲಾ, ಸೊಂಬ್ರೆರೋನ್ ಕಾಫಿ ಎಸ್ಟೇಟಿಗೆ ಬಂದ ಅಂತ" ಅಂದ್ಲು. ಬೇಡ ಅಂದೆ. ಅವನ ಹಾಡು ಹತ್ತೋದು ಆ ಕಲ್ಲು ಹಾಸಿನ ಓಣಿಯಿಂದ, ಆ ಚರ್ಚಿನಿಂದ, ಇದ್ದಿಲು ಮಾರೋ ಹೇಸರಗತ್ತೆಯಿಂದ. ಸಕಲೇಶಪುರ ಬೇಕಿದ್ರೆ ಅಲ್ಲಿಯ ದೆವ್ವ ಹುಡುಕ್ಲಿ, ಇಲ್ವಾ ಏನು ನಮ್ಮಲ್ಲಿ.

ಕೊನೆಗೆ ಆರಿಸಿದ್ದು ಸೊಂಬ್ರೆರೋನ್, ಗ್ವಾಟೆಮಾಲಾ ಸಿಟಿಯ ಹಳೇ ಬಡಾವಣೆ, ಬಿಳೀ ಕದೇಹೊಗೆ ಎರಡೇ ಎರಡು ಸೀನ್. ಕೂದ್ಲು ಕತ್ತರಿಸೋದು ಕ್ಲೈಮ್ಯಾಕ್ಸ್‌ಗೆ ಇಟ್ಕೋ ಅಂತ ನಾನು ಹೇಳ್ತಿದ್ದೆ. ಅವಳು ಕೇಳ್ಲಿಲ್ಲ, ಮೂರನೇ ಅಧ್ಯಾಯದಲ್ಲೇ ನಾಯಕಿ ಕೈಯಲ್ಲಿ ಕತ್ತರಿ ಕೊಟ್ಟು ಬಾಯ್ ಕಟ್ ಮಾಡಿಸಿದಾಳೆ, ಚರ್ಚಲ್ಲಿ ಕೊಟ್ಟೂ ಬಂದಾಗಿದೆ, ಮನೆಯೋರೆಲ್ಲ ನೆಮ್ಮದಿಯಾಗಿ ಮಲಗಿದಾರೆ. ಮುಂದೇನು ಮಾಡ್ತೀಯ, ಎಲ್ಲಾ ಮುಗೀತಲ್ಲ ಅಂದೆ. ಲ್ಯಾಪ್‌ಟಾಪ್ ನನ್ ಕಡೆ ತಿರುಗಿಸಿದ್ಲು. ಬೆಳಿಗ್ಗೆ ಪಕ್ಕದ ಹಾಸಿಗೇಲಿ ಎಂಟು ವರ್ಷದ ತಂಗಿ ಇನ್ನೂ ಮಲಗೇ ಇದಾಳೆ, ಬೆನ್ನು ಈ ಕಡೆ, ತಲೆ ತುಂಬ ಸಣ್ಣ ಸಣ್ಣ ಜಡೆ.